ಅಪ್ಪ-ಅಮ್ಮನಿಗೆ ಇಂಗ್ಲೆಂಡಿನ ಹಳ್ಳಿ ತೋರಿಸಬೇಕು. ಬೈಬರಿಗೆ ಹೋಗುವುದಾ, ಬೇರೆ ಕಡೆಗಾ?

ಸಾಗರದ ಸುಜಾತ
ಎಲ್ಲರಿಗೂ ನಮಸ್ಕಾರ. ನಾನಿರುವುದು ರೆಡಿಂಗ್‌ನಲ್ಲಿ. ಅಪ್ಪ ಅಮ್ಮ ಸಾಗರದಿಂದ ಮೂರು ತಿಂಗಳಿಗೆ ಬಂದಿದ್ದಾರೆ. ಲಂಡನ್ ಮುಗಿಯಿತು. ಅರಮನೆ, ಸೇತುವೆ, ದೊಡ್ಡ ಚಕ್ರ ಎಲ್ಲ ಆಯಿತು. ಅಪ್ಪ ಎಲ್ಲದಕ್ಕೂ "ಚೆನ್ನಾಗಿದೆ" ಎಂದು ಒಂದೇ ಮಾತು ಹೇಳಿ ಕೂರಲು ಬೆಂಚು ಹುಡುಕಿದರು.

ಅಮ್ಮನಿಗೆ ಒಂದು ಆಸೆ ಉಳಿದಿದೆ. ನಮ್ಮ ಮನೆಯಲ್ಲಿ ಹಿಂದೆ ಒಂದು ಕ್ಯಾಲೆಂಡರ್ ಇತ್ತು. ಅದರಲ್ಲೊಂದು ಚಿತ್ರ: ಕಲ್ಲಿನ ಪುಟ್ಟ ಮನೆಗಳು, ಮುಂದೆ ಹೊಳೆ, ಗೋಡೆಗೆ ಗುಲಾಬಿ ಬಳ್ಳಿ. ವರ್ಷ ಮುಗಿದ ಮೇಲೂ ಅಮ್ಮ ಅದನ್ನು ಎಸೆಯಲಿಲ್ಲ, ಅಡುಗೆಮನೆ ಬಾಗಿಲ ಹಿಂದೆ ಅಂಟಿಸಿಕೊಂಡಿದ್ದರು. "ಅಂಥ ಊರು ನಿಜಕ್ಕೂ ಇದೆಯೇನೇ? ಇದ್ದರೆ ಒಮ್ಮೆ ತೋರಿಸು" ಎನ್ನುತ್ತಿದ್ದಾರೆ.

ಹುಡುಕಿದರೆ ಎಲ್ಲ ಕಡೆ ಬೈಬರಿ, ಬೋರ್ಟನ್, ಕಾಸಲ್ ಕೂಮ್ ಇವೇ ಮೂರು ಹೆಸರು ಬರುತ್ತವೆ. ಆಗಸ್ಟ್ ಕೊನೆಯ ಸೋಮವಾರ ರಜೆ ಇದೆ, ಅವತ್ತೇ ಹೋಗೋಣ ಎಂದುಕೊಂಡಿದ್ದೇನೆ. ಕಾರಿದೆ. ಅಪ್ಪನಿಗೆ 71, ಮಂಡಿನೋವು. ಇಬ್ಬರೂ ಸಸ್ಯಾಹಾರಿಗಳು. ಒಂದೇ ದಿನದಲ್ಲಿ ಮೂರೂ ಊರು ಆಗುತ್ತವಾ?

ಬಿಸ್ಟರ್ ಬಸಣ್ಣ
ಆಗುತ್ತವೆ, ಕಾರಿನ ಕಿಟಕಿಯಿಂದ. ಇಳಿಯುವ ಆಸೆ ಇದ್ದರೆ ಆಗಲ್ಲ.

ಆ ಸೋಮವಾರ ಮಾತ್ರ ಬೇಡ ತಂಗಿ. ಬೋರ್ಟನ್‌ನಲ್ಲಿ ಅವತ್ತು ಹೊಳೆಯೊಳಗೆ ಫುಟ್‌ಬಾಲ್ ಆಡುತ್ತಾರೆ. ತಮಾಷೆಯಲ್ಲ, ವಿಂಡ್‌ರಷ್ ಹೊಳೆಯಲ್ಲೇ ಗೋಲು ಕಂಬ ನೆಟ್ಟು ಎರಡು ತಂಡ ಇಳಿಯುತ್ತವೆ. ನೂರು ವರ್ಷಕ್ಕೂ ಹಳೆಯ ಪದ್ಧತಿ. ನೋಡಲು ಮಜಾ, ಆದರೆ ಜನ ನಮ್ಮ ಕಡೆಯ ತೇರಿಗೆ ಸೇರಿದ ಹಾಗೆ ಸೇರಿರುತ್ತಾರೆ. ನಾನೊಮ್ಮೆ ಕಾರು ನಿಲ್ಲಿಸಲು ಒಂದು ಗಂಟೆ ಸುತ್ತಿದೆ. ಕೊನೆಗೆ ಹೆಂಡತಿ ಮಕ್ಕಳನ್ನು ಇಳಿಸಿ, ಅವರು ಐಸ್‌ಕ್ರೀಮ್ ತಿಂದು ಬರುವವರೆಗೆ ಊರು ಸುತ್ತುತ್ತಲೇ ಇದ್ದೆ. ನಾನು ನೋಡಿದ್ದು ಮುಂದಿನ ಕಾರಿನ ನಂಬರ್ ಪ್ಲೇಟ್ ಒಂದೇ.

ರಾಮನಗರದ ರೇಷ್ಮೆ
ಬೈಬರಿ ಅಂತೀರಾ? ನಾನು ಇಷ್ಟು ದಿನ ಬಿಬುರಿ ಅಂತಿದ್ದೆ 🙈

ಬಿಸ್ಟರ್ ಬಸಣ್ಣ
ನಮ್ಮೂರಿನ ಹೆಸರೇ ನೋಡಿ. ಬರೆಯುವುದು ಬೈಸೆಸ್ಟರ್ ಅಂತ, ಕರೆಯುವುದು ಬಿಸ್ಟರ್ ಅಂತ. ಇವರು ಅಕ್ಷರ ಬರೆದು ನುಂಗಿಬಿಡುತ್ತಾರೆ.

ಕಾಫಿಪುಡಿ
ಕಾರ್ನ್‌ವಾಲ್‌ನಲ್ಲಿ ಮೌಸ್‌ಹೋಲ್ ಅಂತ ಬರೆದು ಮೌಜಲ್ ಅನ್ನುವ ಊರಿದೆ. ಅಲ್ಲಿಗೆ ದಾರಿ ಕೇಳಲು ಹೋಗಿ ನಾನು ಪಟ್ಟ ಪಾಡು ಇನ್ನೊಂದು ದಿನ ಹೇಳುತ್ತೇನೆ.

ಸುಜಾತ ಅವರೇ, ಕಾರಿದ್ದರೂ ರೈಲು ಒಮ್ಮೆ ಯೋಚಿಸಿ. ಲಂಡನ್ ಪ್ಯಾಡಿಂಗ್ಟನ್‌ನಿಂದ ಹೊರಡುವ ಕೆಲವು ರೈಲು ರೆಡಿಂಗ್‌ನಲ್ಲಿ ನಿಂತು ಮೊರೆಟನ್-ಇನ್-ಮಾರ್ಷ್‌ಗೆ ಹೋಗುತ್ತವೆ. ಅಲ್ಲಿಂದ 801 ನಂಬರ್ ಬಸ್ ಸ್ಟೋ ಅನ್ನುವ ಊರಿನ ಮೇಲೆ ಹಾದು ಬೋರ್ಟನ್‌ಗೆ ಹೋಗುತ್ತದೆ. ಬಸ್ಸಿನ ಮೇಲಿನ ಮಹಡಿ ಸಿಕ್ಕರೆ ಬೇಲಿಯಾಚೆಗಿನ ಹೊಲ, ಕುರಿ ಎಲ್ಲ ಕಾಣುತ್ತವೆ. ಕಾರಿನಲ್ಲಿ ಕೂತರೆ ಬೇಲಿ ಬಿಟ್ಟು ಇನ್ನೇನೂ ಕಾಣುವುದಿಲ್ಲ. ಒಂದೇ ಎಚ್ಚರಿಕೆ: ಕೊನೆಯ ಬಸ್ ಎಷ್ಟಕ್ಕೆ ಅಂತ ಮೊದಲೇ ನೋಡಿಕೊಳ್ಳಿ. ಸಂಜೆ ಆರಕ್ಕೆಲ್ಲ ಊರು ಬಾಗಿಲು ಹಾಕಿಕೊಂಡು ಮಲಗಿಬಿಡುತ್ತದೆ.

ಅವರೆಕಾಳು
ಎಲ್ಲರೂ ಬೈಯಬಹುದು, ಆದರೂ ಹೇಳುತ್ತೇನೆ. ಈ ಹಳ್ಳಿಗಳೆಲ್ಲ ಸುಮ್ನೆ ಸಿನಿಮಾ ಸೆಟ್ಟು. ಬೈಬರಿಗೆ ಹೋಗಿದ್ದೆ. ಒಂದು ಸಾಲು ಮನೆ, ಅದರ ಮುಂದೆ ನೂರು ಜನ, ನೂರು ಫೋನು. ಐದು ನಿಮಿಷಕ್ಕೆ ಮುಗಿಯಿತು. ಹಳ್ಳಿ ಅಂದರೆ ಹಟ್ಟಿ ಇರಬೇಕು, ಸಗಣಿ ವಾಸನೆ ಇರಬೇಕು, ಅರಳಿಕಟ್ಟೆಯಲ್ಲಿ ಕೂತು ಹರಟುವ ನಾಲ್ಕು ಜನ ಇರಬೇಕು. ಅಲ್ಲಿ ಇದ್ದವರೆಲ್ಲ ನಮ್ಮ ಹಾಗೆ ನೋಡಲು ಬಂದವರೇ.

ನೇಕಾರರ ಮಗ
@ಅವರೆಕಾಳು ಆ ಒಂದು ಸಾಲು ಮನೆ ಏನು ಅಂತ ಗೊತ್ತಾದರೆ ಐದು ನಿಮಿಷಕ್ಕೆ ಮುಗಿಯುವುದಿಲ್ಲ ಸರ್.

ಅದರ ಹೆಸರು ಆರ್ಲಿಂಗ್ಟನ್ ರೋ. 1380ರ ಸುಮಾರಿಗೆ ಮಠದವರು ಉಣ್ಣೆ ತುಂಬಿಡಲು ಕಟ್ಟಿಸಿದ ಉಗ್ರಾಣ ಅದು. ಆಮೇಲೆ 17ನೇ ಶತಮಾನದಲ್ಲಿ ಅಡ್ಡ ಗೋಡೆ ಹಾಕಿ ನೇಕಾರರಿಗೆ ಮನೆ ಮಾಡಿಕೊಟ್ಟರು. ಮನೆಯ ಮುಂದೆ ಜೌಗಿನ ಹುಲ್ಲುಗಾವಲು ಇದೆಯಲ್ಲ, ಅದಕ್ಕೆ ರ‍್ಯಾಕ್ ಐಲ್ ಅನ್ನುತ್ತಾರೆ. ತೊಳೆದ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಒಣಹಾಕುತ್ತಿದ್ದ ಜಾಗ. ಪಕ್ಕದಲ್ಲೇ ಬಟ್ಟೆ ಹದ ಮಾಡುವ ಗಿರಣಿ.

ನಾನು ಗುಳೇದಗುಡ್ಡದವನು. ಈಗ ಸ್ವಿಂಡನ್‌ನಲ್ಲಿದ್ದೇನೆ. ನಮ್ಮಜ್ಜ ಖಣ ನೇಯುತ್ತಿದ್ದರು. ಮೊದಲ ಸಲ ಬೈಬರಿಗೆ ಹೋದಾಗ ನನಗೆ ಹೂವು ಹೊಳೆ ಯಾವುದೂ ಕಾಣಲಿಲ್ಲ, ಕಂಡದ್ದು ಕಿಟಕಿ. ಮನೆ ಇಷ್ಟು ತಗ್ಗು, ಕಿಟಕಿ ಇಷ್ಟು ಸಣ್ಣದು, ಒಳಗೆ ಮಗ್ಗ ಹಾಕಿ ನೇಯುವಾಗ ಬೆಳಕು ಸಾಕಾಗುತ್ತಿತ್ತಾ ಅಂತ ಯೋಚನೆ ಬಂತು. ನಮ್ಮ ಮನೆಯಲ್ಲಿ ಮಗ್ಗದ ಕುಣಿ ಬಾಗಿಲ ಬೆಳಕು ಬೀಳುವ ಕಡೆಗೇ ಇತ್ತು. ಜನ ಸೆಲ್ಫಿ ತೆಗೆಯುವುದು ಬಡ ನೇಕಾರರ ಓಣಿಯ ಮುಂದೆ ನಿಂತು. ಅದು ತಪ್ಪು ಅಂತಲ್ಲ, ಗೊತ್ತಿರಲಿ ಅಂತ ಅಷ್ಟೇ.

ರಾಮನಗರದ ರೇಷ್ಮೆ
👏👏 ಇದನ್ನು ಯಾವ ರೀಲ್ಸ್‌ನವರೂ ಹೇಳಿರಲಿಲ್ಲ.

ಇಪ್ಸ್‌ವಿಚ್ ಇಂದಿರಾ
ಎಲ್ಲರೂ ಪಶ್ಚಿಮಕ್ಕೇ ಓಡುತ್ತೀರಿ. ನಮ್ಮ ಸಫಕ್ ಕಡೆಗೂ ಬನ್ನಿ. ಲ್ಯಾವೆನಮ್ ಅಂತ ಒಂದು ಊರಿದೆ. ಒಂದು ಮನೆಯೂ ನೆಟ್ಟಗೆ ನಿಂತಿಲ್ಲ. ಒಂದು ಎಡಕ್ಕೆ ವಾಲಿದೆ, ಪಕ್ಕದ್ದು ಬಲಕ್ಕೆ. ಇನ್ನೊಂದರ ಮಹಡಿ ಬೀದಿಗೆ ಬಾಗಿ ನಿಮ್ಮನ್ನೇ ನೋಡುತ್ತದೆ. ಹಸಿ ಓಕ್ ಮರದಲ್ಲಿ ಕಟ್ಟಿದ ಮನೆಗಳು. ಮರ ಒಣಗಿದ ಹಾಗೆಲ್ಲ ತಿರುಚಿಕೊಂಡವು. ಆದರೂ ಐದು ನೂರು ವರ್ಷ ಬಿದ್ದಿಲ್ಲ.

ಅದು ನೀಲಿ ಬಟ್ಟೆಯ ಊರು. 1524ರ ತೆರಿಗೆ ಲೆಕ್ಕದಲ್ಲಿ ಇಡೀ ಇಂಗ್ಲೆಂಡಿಗೆ 14ನೇ ಶ್ರೀಮಂತ ಊರು ಅದೇ ಅಂತೆ. ಆಮೇಲೆ ಕೋಲ್ಚೆಸ್ಟರ್‌ಗೆ ಡಚ್ ನೇಕಾರರು ಬಂದು ತೆಳುವಾದ, ಅಗ್ಗದ ಬಟ್ಟೆ ನೇಯ್ದರು. ಲ್ಯಾವೆನಮ್ ಮುಳುಗಿತು. ಹೊಸ ಮನೆ ಕಟ್ಟಲು ಯಾರ ಹತ್ತಿರವೂ ದುಡ್ಡಿರಲಿಲ್ಲ. ಹಾಗಾಗಿ ಹಳೆಯದೇ ಉಳಿಯಿತು.

ಹಳೇ ಮೇಷ್ಟ್ರು
ಇಂದಿರಾ ಅವರು ಒಳ್ಳೆಯ ಮಾತು ಹೇಳಿದರು. ಬೈಬರಿ, ಬೋರ್ಟನ್ ಎಲ್ಲ ಇರುವ ಕಾಟ್ಸ್‌ವೋಲ್ಡ್ಸ್ ಗುಡ್ಡಗಾಡಿನ ಕಥೆಯೂ ಅದೇ. ಉಣ್ಣೆಯ ದುಡ್ಡಿನಲ್ಲಿ ಚರ್ಚು ಕಟ್ಟಿದರು, ಮನೆ ಕಟ್ಟಿದರು. ಕಲ್ಲಿದ್ದಲು, ಉಗಿ ಯಂತ್ರ ಬಂದ ಮೇಲೆ ಉಣ್ಣೆಯ ಕೆಲಸ ಯಾರ್ಕ್‌ಷೈರ್ ಕಡೆ ಹೋಯಿತು. ಇಲ್ಲಿ ದುಡ್ಡು ಹೋಯಿತು, ರೈಲು ತಡವಾಗಿ ಬಂತು, ಕಾರ್ಖಾನೆ ಬರಲೇ ಇಲ್ಲ. ನಾವು ಇವತ್ತು "ಎಷ್ಟು ಚೆಂದ ಕಾಪಾಡಿದ್ದಾರೆ" ಅನ್ನುತ್ತೇವೆ. ಬಹಳ ಕಾಲ ಯಾರೂ ಕಾಪಾಡಲಿಲ್ಲ. ಕೆಡವಲು ಕಾಸಿರಲಿಲ್ಲ, ಅಷ್ಟೇ.

ಕಾಪಾಡುವ ಯೋಚನೆ ಬಂದದ್ದು ಆಮೇಲೆ. ಬೈಬರಿಯನ್ನು ಇಂಗ್ಲೆಂಡಿನ ಅತಿ ಸುಂದರ ಹಳ್ಳಿ ಎಂದು ಹೊಗಳಿದ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1877ರಲ್ಲಿ ಹಳೆ ಕಟ್ಟಡ ಉಳಿಸಲು ಒಂದು ಸಂಘ ಕಟ್ಟಿದ. ಹಳೆ ಕಟ್ಟಡ, ಚೆಂದದ ಜಾಗ ಕೊಂಡು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಬಂದದ್ದು 1895ರಲ್ಲಿ. ಈಗ ಆರ್ಲಿಂಗ್ಟನ್ ರೋ ಅವರದೇ.

ಇನ್ನೊಂದು. ಚಿಪ್ಪಿಂಗ್ ಕ್ಯಾಂಪ್ಡನ್, ಚಿಪ್ಪಿಂಗ್ ನಾರ್ಟನ್ ಅಂತ ಹೆಸರು ಕೇಳಿರುತ್ತೀರಿ. ಹಳೆ ಇಂಗ್ಲಿಷ್‌ನಲ್ಲಿ ಚಿಪ್ಪಿಂಗ್ ಅಂದರೆ ಸಂತೆ. ನಮ್ಮ ಸಂತೇಬೆನ್ನೂರು, ಸಂತೆಮರಹಳ್ಳಿ ಇದ್ದ ಹಾಗೆ.

ಅವರೆಕಾಳು
ಮೇಷ್ಟ್ರೇ, ಹಾಗಾದರೆ ಸ್ಲಾಟರ್ ಅಂತ ಎರಡು ಹಳ್ಳಿ ಇವೆಯಲ್ಲ, ಅಲ್ಲಿ ಕುರಿ ಕಡಿಯುತ್ತಿದ್ದರಾ?

ಹಳೇ ಮೇಷ್ಟ್ರು
ಇಲ್ಲಪ್ಪ. ಅದು ಕೆಸರು ನೆಲ ಅನ್ನುವ ಅರ್ಥದ ಹಳೆ ಪದದಿಂದ ಬಂದದ್ದು. ಕಡಿಯುವ ಮಾತು ಹಾಗಿರಲಿ, ಅಪ್ಪರ್ ಸ್ಲಾಟರ್‌ನಿಂದ ಎರಡೂ ಮಹಾಯುದ್ಧಕ್ಕೆ ಹೋದವರೆಲ್ಲ ಜೀವಸಹಿತ ವಾಪಸು ಬಂದರು. ಅಂಥ ಊರು ಇಂಗ್ಲೆಂಡಿನಲ್ಲಿ ಬೆರಳೆಣಿಕೆಯಷ್ಟು.

ಬಿಸ್ಟರ್ ಬಸಣ್ಣ
ಕೆಸರು ಅನ್ನುವುದು ನಿಜ. ನನ್ನ ಬಿಳಿ ಶೂ ಸಾಕ್ಷಿ.

ನೋಡಿ ಸಾಕಾಯ್ತು
ಬೆಂಗಳೂರಿನಿಂದ ಟೂರ್ ಪ್ಯಾಕೇಜ್‌ನಲ್ಲಿ ಬಂದಿದ್ದೆವು. "ಇಂಗ್ಲಿಷ್ ಹಳ್ಳಿ ದರ್ಶನ" ಅಂತ ಅರ್ಧ ದಿನ ಇತ್ತು. ಗೈಡ್ ಕೊಟ್ಟದ್ದು ಇಪ್ಪತ್ತೇ ನಿಮಿಷ. ಅದರಲ್ಲಿ ಹದಿನೈದು ನಿಮಿಷ ಶೌಚಾಲಯದ ಸಾಲಿನಲ್ಲಿ ಹೋಯಿತು. ನಮ್ಮ ಗುಂಪಿನಲ್ಲಿ ಒಬ್ಬರು ಯಾರದೋ ಮನೆಯ ಗೇಟು ತೆಗೆದು ಒಳಗೆ ಹೋಗಿ ಗುಲಾಬಿ ಗಿಡದ ಪಕ್ಕ ಫೋಟೋ ತೆಗೆಸಿಕೊಂಡರು. ಕಿಟಕಿಯಲ್ಲಿ ಒಬ್ಬ ಅಜ್ಜಿ ಚಹಾ ಕಪ್ ಹಿಡಿದು ಸುಮ್ಮನೆ ನೋಡುತ್ತಿದ್ದರು. ನನಗೇ ನಾಚಿಕೆಯಾಯಿತು.

ಕಾಫಿಪುಡಿ
ಅಯ್ಯೋ, ಅದಕ್ಕೇ 2025ರಲ್ಲಿ ಬೈಬರಿಯ ನಡುವೆ ದೊಡ್ಡ ಪ್ರವಾಸಿ ಬಸ್ ನಿಲ್ಲಿಸುವ ಜಾಗ ತೆಗೆದು ನೋಡಿದರು. ಊರಲ್ಲಿರುವುದು ನೂರರ ಲೆಕ್ಕದ ಜನ, ಬರುವವರು ಸಾವಿರಗಟ್ಟಲೆ.

ಹಳದಿ ಕಾರಿನ ಕಥೆ ಗೊತ್ತಲ್ಲ? ಆರ್ಲಿಂಗ್ಟನ್ ರೋ ಹತ್ತಿರ ಒಬ್ಬ ವಯಸ್ಸಾದವರು ತಮ್ಮ ಪುಟ್ಟ ಹಳದಿ ಕಾರು ನಿಲ್ಲಿಸುತ್ತಿದ್ದರು. ಫೋಟೋ ಹಾಳಾಗುತ್ತದೆ ಅಂತ ಬಂದವರು ಗೊಣಗುತ್ತಿದ್ದರು. 2017ರಲ್ಲಿ ಯಾರೋ ಕಾರಿನ ಗಾಜು ಒಡೆದು, ಮೈಯೆಲ್ಲ ಗೀರಿ ಹೋದರು. ಅದಕ್ಕೆ ಬೇರೆ ಬೇರೆ ಊರಿನ ಜನ ನೂರರ ಹತ್ತಿರ ಹಳದಿ ಕಾರು ತಂದು ಮೆರವಣಿಗೆ ಮಾಡಿದರು!

ನೇಕಾರರ ಮಗ
ಊರಿನವರು ಅವರ ಮನೆ ಮುಂದೆ ಅವರ ಕಾರು ನಿಲ್ಲಿಸಬಾರದು ಅಂದರೆ ಅವರೆಕಾಳು ಸರ್ ಹೇಳುವುದೇ ಸರಿ, ಅದು ಸೆಟ್ಟು.

ಅವರೆಕಾಳು
ಕೊನೆಗೂ ಒಬ್ಬರು ಒಪ್ಪಿದರು 😌

ಮಂಗಳೂರು ಮೀನು
ನಾನು ಎಕ್ಸೆಟರ್‌ನಲ್ಲಿದ್ದೇನೆ. ಸೆಟ್ಟು ನೋಡಬೇಕಾದರೆ ಡೆವನ್‌ನ ಕ್ಲೊವೆಲಿಗೆ ಬನ್ನಿ. ಇಡೀ ಊರು ಒಂದೇ ಮನೆತನದ್ದು, 1738ರಿಂದ. ಒಳಗೆ ಹೋಗಲು ಟಿಕೆಟ್ಟು. ಕಾರು ಬಿಡುವುದಿಲ್ಲ. ಕಡಿದಾದ ಕಲ್ಲುಹಾಸಿನ ದಾರಿ ನೇರ ಸಮುದ್ರಕ್ಕೆ ಇಳಿಯುತ್ತದೆ. ಹಿಂದೆ ಕತ್ತೆ ಮೇಲೆ ಸಾಮಾನು ಬರುತ್ತಿತ್ತು. ಈಗ ಮರದ ಜಾರುಬಂಡಿಯಲ್ಲಿ ಎಳೆಯುತ್ತಾರೆ. ದಿನಸಿ, ಸೋಫಾ, ವಾಷಿಂಗ್ ಮೆಷಿನ್ ಎಲ್ಲ ಹಾಗೇ. ಆದರೆ ಅಲ್ಲಿ ಜನ ನಿಜವಾಗಿ ಬಾಡಿಗೆ ಕಟ್ಟಿಕೊಂಡು ಬದುಕುತ್ತಿದ್ದಾರೆ. ಟಿಕೆಟ್ ಇಟ್ಟ ಊರಲ್ಲೇ ರಾತ್ರಿ ದೀಪ ಉರಿಯುತ್ತದೆ. ಟಿಕೆಟ್ ಇಲ್ಲದ ಎಷ್ಟೋ ಚೆಂದದ ಊರುಗಳಲ್ಲಿ ಚಳಿಗಾಲಕ್ಕೆ ಹೋದರೆ ಅರ್ಧ ಮನೆ ಕತ್ತಲೆ. ಎಲ್ಲ ಶ್ರೀಮಂತರ ರಜೆ ಮನೆಗಳು. 2025ರ ಏಪ್ರಿಲ್‌ನಿಂದ ಎರಡನೇ ಮನೆಗೆ ಕೌನ್ಸಿಲ್ ತೆರಿಗೆ (ನಮ್ಮ ಮನೆ ಕಂದಾಯದ ಹಾಗೆ) ದುಪ್ಪಟ್ಟು ಹಾಕಲು ಅವಕಾಶ ಕೊಟ್ಟಿದ್ದಾರೆ. ನಮ್ಮ ಕಡೆ ಅದೇ ದೊಡ್ಡ ಜಗಳ.

ಸುಜಾತಕ್ಕ, ಮಂಡಿನೋವು ಇರುವವರನ್ನು ಕ್ಲೊವೆಲಿಗೆ ಕರೆದುಕೊಂಡು ಬರಬೇಡಿ. ಇಳಿಯುವಾಗ ಖುಷಿ, ಹತ್ತುವಾಗ ದೇವರೇ ಗತಿ.

ಸಾಗರದ ಸುಜಾತ
ಎಷ್ಟೊಂದು ಮಾಹಿತಿ! ಆದರೆ ತಲೆ ಈಗ ಇನ್ನೂ ಕೆಟ್ಟಿತು. ಕಾಸಲ್ ಕೂಮ್ ಹೇಗೆ? ಅಮ್ಮನಿಗೆ ಅದರ ಫೋಟೋ ತೋರಿಸಿದೆ, ಇದೇ ಇದೇ ಎಂದರು. ಕ್ಯಾಲೆಂಡರಿನಲ್ಲಿದ್ದುದು ಬೈಬರಿಯೋ ಅದೋ ಅವರಿಗೇ ಈಗ ಗೊಂದಲ.

ಬಿಸ್ಟರ್ ಬಸಣ್ಣ
ಕಾಸಲ್ ಕೂಮ್ ಚೆಂದವೇ. ಒಂದು ಬೀದಿ, ನಡುವೆ ಹಳೆ ಸಂತೆಕಟ್ಟೆ, ಕೊನೆಗೆ ಸೇತುವೆ. ಚರ್ಚಿನಲ್ಲೊಂದು ಗಡಿಯಾರ ಇದೆ, ಅದಕ್ಕೆ ಮುಖವೇ ಇಲ್ಲ. ಮುಳ್ಳಿಲ್ಲ, ಅಂಕಿಯಿಲ್ಲ, ಗಂಟೆ ಮಾತ್ರ ಹೊಡೆಯುತ್ತದೆ. ಆದರೆ ಕಾರು ನಿಲ್ಲಿಸುವುದು ಗುಡ್ಡದ ಮೇಲೆ. ಊರಿಗೆ ಇಳಿದು ಹೋಗಬೇಕು, ಮತ್ತೆ ಹತ್ತಿ ಬರಬೇಕು. ಅಪ್ಪನ ಮಂಡಿ ಬೈಯುತ್ತದೆ.

ದಾರಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಮ್ಯಾಪ್ ಹೇಳಿದ ಹತ್ತಿರದ ದಾರಿ ಹಿಡಿಯಬೇಡಿ. ಎರಡೂ ಕಡೆ ಆಳೆತ್ತರದ ಬೇಲಿ, ನಡುವೆ ಒಂದೇ ಕಾರಿನ ದಾರಿ. ಬಿಳಿ ಬೋರ್ಡಿನ ಮೇಲೆ ಕಪ್ಪು ಅಡ್ಡ ಗೆರೆ ಇರುತ್ತದೆ. ಅಂದರೆ ಗಂಟೆಗೆ 60 ಮೈಲಿವರೆಗೂ ಹೋಗಬಹುದು ಅಂತ! ಅಲ್ಲಿ 20ರಲ್ಲಿ ಹೋದರೂ ಎದೆ ಡವಡವ. ನನಗೊಮ್ಮೆ ತಿರುವಿನಲ್ಲಿ ಟ್ರ್ಯಾಕ್ಟರ್ ಎದುರಾಯಿತು. ಅವನು ಹಿಂದೆ ಹೋಗುವ ಜಾತಿಯಲ್ಲ. ನಾನೇ ಸುಮಾರು ಇನ್ನೂರು ಗಜ ರಿವರ್ಸ್ ಹೋದೆ, ಕನ್ನಡಿ ಬೇಲಿಗೆ ಉಜ್ಜಿಕೊಂಡು. ಬಾಡಿಗೆ ಕಾರು. ವಾಪಸು ಕೊಡುವಾಗ ಅವರು ಗೀರು ಎಣಿಸಿದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ರಾಮನಗರದ ರೇಷ್ಮೆ
ಊಟದ ಬಗ್ಗೆ ಯಾರೂ ಹೇಳಲಿಲ್ಲ. ಮುಖ್ಯ ವಿಷಯ ಅದೇ ಅಲ್ವಾ?

ಕಾಫಿಪುಡಿ
ಪಬ್‌ನಲ್ಲಿ ಮಧ್ಯಾಹ್ನ ಎರಡೂವರೆಗೆ ಅಡುಗೆಮನೆ ಮುಚ್ಚಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಆಮೇಲೆ ಗೋಗರೆದರೂ ಚಿಪ್ಸ್ ಪೊಟ್ಟಣವೇ ಗತಿ. ಸಸ್ಯಾಹಾರಿಗಳಿಗೆ ಸಿಪ್ಪೆ ಸಹಿತ ಬೇಯಿಸಿದ ಆಲೂಗಡ್ಡೆ, ಮೇಲೆ ಚೀಸ್ ಅಥವಾ ಬೀನ್ಸ್. ಸೂಪ್ ಕೇಳಿದರೆ ಯಾವ ರಸದಲ್ಲಿ ಮಾಡಿದ್ದು ಅಂತ ವಿಚಾರಿಸಿ. ತರಕಾರಿ ಸೂಪ್‌ನಲ್ಲಿ ಕೋಳಿ ರಸ ಇರಬಹುದು.

ಚಹಾ ಅಂಗಡಿ ಉತ್ತಮ. ಸ್ಕಾನ್ ಅನ್ನುವ ಬನ್ನಿನಂಥ ತಿಂಡಿ, ಜಾಮ್, ದಪ್ಪ ಕೆನೆ. ಕೆನೆ ನೋಡಿದರೆ ನಿಮ್ಮಮ್ಮನಿಗೆ ಊರು ನೆನಪಾಗುತ್ತದೆ.

ಮಂಗಳೂರು ಮೀನು
ಕೆನೆ ಮೊದಲು, ಜಾಮ್ ಆಮೇಲೆ. ಡೆವನ್ ಕ್ರಮ ಅದು. ಕಾರ್ನ್‌ವಾಲ್‌ನವರು ಉಲ್ಟಾ ಹಚ್ಚುತ್ತಾರೆ, ಅವರ ಮಾತು ಕೇಳಬೇಡಿ.

ಅವರೆಕಾಳು
ಮೊಸರನ್ನ ಕಟ್ಟಿಕೊಂಡು ಹೋಗಿ, ಹೊಳೆ ದಂಡೆಯಲ್ಲಿ ಕೂತು ತಿನ್ನಿ. ಯಾರ ಹಂಗೂ ಬೇಡ. ಬಾತುಕೋಳಿ ಬರುತ್ತವೆ, ಅನ್ನ ಹಾಕಬೇಡಿ.

ಹಳೇ ಮೇಷ್ಟ್ರು
ಚೆಂದದ ಊರು ಅಂದರೆ ಹೂವು, ಹೊಳೆ ಅಷ್ಟೇ ಅಲ್ಲ ಅಂತ ನನ್ನ ವಾದ. ನಾನಿರುವುದು ಶೆಫೀಲ್ಡ್‌ನಲ್ಲಿ. ಹತ್ತಿರದಲ್ಲೇ ಈಮ್ ಅನ್ನುವ ಹಳ್ಳಿ. ನೋಡಲು ಸಾಧಾರಣ ಕಲ್ಲಿನ ಊರು. 1665ರಲ್ಲಿ ಅಲ್ಲಿನ ದರ್ಜಿಯ ಮನೆಗೆ ಲಂಡನ್‌ನಿಂದ ಬಟ್ಟೆಯ ಗಂಟು ಬಂತು. ಅದರಲ್ಲಿ ಚಿಗಟ, ಚಿಗಟದಲ್ಲಿ ಪ್ಲೇಗ್. ಸುತ್ತಲ ಊರಿಗೆ ಹರಡಬಾರದು ಅಂತ ಪಾದ್ರಿ ವಿಲಿಯಂ ಮಾಂಪೆಸನ್ ಮಾತಿಗೆ ಜನ ಒಪ್ಪಿ ತಮ್ಮ ಊರಿಗೆ ತಾವೇ ದಿಗ್ಬಂಧನ ಹಾಕಿಕೊಂಡರು. ಗಡಿಯಲ್ಲೊಂದು ಕಲ್ಲು, ಅದರಲ್ಲಿ ಗುಂಡಿಗಳು. ಗುಂಡಿಗೆ ವಿನೆಗರ್ ಹಾಕಿ ಅದರಲ್ಲಿ ನಾಣ್ಯ ಇಡುತ್ತಿದ್ದರು. ಹೊರಗಿನವರು ನಾಣ್ಯ ತೆಗೆದುಕೊಂಡು ದಿನಸಿ ಇಟ್ಟು ಹೋಗುತ್ತಿದ್ದರು. ಸತ್ತವರು 250ಕ್ಕೂ ಹೆಚ್ಚು. ಒಬ್ಬ ಹೆಂಗಸು ಎಂಟು ದಿನದಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಮಣ್ಣು ಮಾಡಿದಳು. ಆ ಗೋರಿಗಳು ಹೊಲದ ನಡುವೆ ಇವತ್ತಿಗೂ ಇವೆ.

ಬೆಂಗಳೂರಿನಲ್ಲಿ 1898ರ ಪ್ಲೇಗ್ ಬಂದಾಗ ಹುಟ್ಟಿದ ಪ್ಲೇಗ್ ಮಾರಮ್ಮನ ಗುಡಿಗಳನ್ನು ನೋಡಿದವರಿಗೆ ಈಮ್ ದೂರದ ಊರು ಅನ್ನಿಸುವುದಿಲ್ಲ.

ರಾಮನಗರದ ರೇಷ್ಮೆ
ಮೇಷ್ಟ್ರೇ, ಅವರು ಅಮ್ಮನಿಗೆ ಗುಲಾಬಿ ಬಳ್ಳಿ ತೋರಿಸಬೇಕು ಅಂದರೆ ನೀವು ಗೋರಿ ತೋರಿಸುತ್ತೀರಲ್ಲ!

ಹಳೇ ಮೇಷ್ಟ್ರು
😄 ತಪ್ಪಾಯಿತು. ಕ್ಲಾಸು ತೆಗೆದುಕೊಳ್ಳುವ ಚಾಳಿ ಹೋಗಿಲ್ಲ.

ನೇಕಾರರ ಮಗ
ರೆಡಿಂಗ್‌ನಲ್ಲಿದ್ದೀರಿ, ಸ್ಟೋಕ್ ರೋ ನೋಡಿದ್ದೀರಾ? ಅರ್ಧ ಗಂಟೆ ದಾರಿ. ಅಲ್ಲಿ ಕಾಶಿ ಮಹಾರಾಜರು ತೋಡಿಸಿಕೊಟ್ಟ ಬಾವಿ ಇದೆ. ಮೇಲೆ ಗುಮ್ಮಟ, ಒಳಗೆ ರಾಟೆಯ ಮೇಲೆ ಚಿನ್ನದ ಬಣ್ಣದ ಆನೆ.

ಸಾಗರದ ಸುಜಾತ
ಏನು?! ಆರು ವರ್ಷದಿಂದ ಇಲ್ಲಿದ್ದೇನೆ, ಒಬ್ಬರೂ ಹೇಳಲಿಲ್ಲ. ಕಾಶಿ ಮಹಾರಾಜರು ಇಲ್ಲೇಕೆ ಬಾವಿ ತೋಡಿಸಿದರು?

ನೇಕಾರರ ಮಗ
ಆ ಊರು ಸುಣ್ಣಕಲ್ಲಿನ ಗುಡ್ಡದ ಮೇಲಿದೆ. ಮಳೆ ನೀರು ನಿಲ್ಲದೆ ಇಂಗಿಹೋಗುತ್ತದೆ. ಬೇಸಿಗೆಯಲ್ಲಿ ಕುಡಿಯಲು ನೀರಿಲ್ಲ. ಅದೇ ಕಡೆಯ ಎಡ್ವರ್ಡ್ ರೀಡ್ ಅನ್ನುವವನು ಉತ್ತರ ಭಾರತದಲ್ಲಿ ಅಧಿಕಾರಿಯಾಗಿದ್ದ. 1831ರಲ್ಲಿ ಅಲ್ಲಿನ ಜನರಿಗೆ ಒಂದು ಬಾವಿ ತೋಡಿಸಿದ್ದನಂತೆ. ತನ್ನ ಊರಲ್ಲಿ ಮನೆಯ ಕೊನೆಯ ನೀರು ಕುಡಿದ ಹುಡುಗನಿಗೆ ತಾಯಿ ಹೊಡೆದ ಕಥೆಯನ್ನು ಮಹಾರಾಜರಿಗೆ ಹೇಳಿದ್ದ. ಅವರು ಅದನ್ನು ಮರೆಯಲಿಲ್ಲ. 1863ರಲ್ಲಿ ಅಗೆತ ಶುರು, ಮರುವರ್ಷ ಮುಗಿಯಿತು. ಆಳ 368 ಅಡಿ, ಅಗಲ ನಾಲ್ಕೇ ಅಡಿ, ಎಲ್ಲ ಕೈಯಲ್ಲಿ ತೋಡಿದ್ದು. ಒಂದು ಬಕೆಟ್ ಮೇಲೆ ಬರಲು ಹತ್ತು ನಿಮಿಷ. ಬಾವಿಯ ಖರ್ಚಿಗೆ ಅಂತ ಪಕ್ಕದಲ್ಲಿ ಚೆರ್ರಿ ತೋಟವನ್ನೂ ಹಾಕಿಸಿಕೊಟ್ಟರು. ತೋಟದ ಹೆಸರು ಈಶ್ರೀ ಬಾಗ್. ಮಹಾರಾಜರ ಹೆಸರು ಈಶ್ವರೀ ಪ್ರಸಾದ್, ಅದಕ್ಕೆ.

ಅವರೆಕಾಳು
ಅವರು ಕೋಹಿನೂರ್ ಒಯ್ದರು, ನಾವು ಬಾವಿ ತೋಡಿಸಿಕೊಟ್ಟೆವು. ಭೇಷ್!

ಹಳೇ ಮೇಷ್ಟ್ರು
ಅಷ್ಟು ಸರಳವಲ್ಲ. ಆ ಮಹಾರಾಜರು 1857ರಲ್ಲಿ ಇಂಗ್ಲಿಷರ ಪರ ಇದ್ದವರು. ಉಪಕಾರ, ರಾಜಕೀಯ, ಸ್ನೇಹ ಎಲ್ಲ ಕಲಸಿಕೊಂಡಿದೆ. ಆದರೂ ನೀರು ನೀರೇ. ಊರಿನವರು ಎಪ್ಪತ್ತು ವರ್ಷ ಕುಡಿದಿದ್ದಾರೆ.

ಕಾಟ್ಸ್‌ವೋಲ್ಡ್ಸ್‌ನಲ್ಲೂ ಈಸ್ಟ್ ಇಂಡಿಯಾ ಕಂಪನಿ ದುಡ್ಡಿನ ಗುರುತು ಬೇಕಾದಷ್ಟಿದೆ. ಮೊರೆಟನ್ ಹತ್ತಿರ ಸೆಜಿನ್‌ಕೋಟ್ ಅಂತ ಬಂಗಲೆ. ಕಂಪನಿಯಲ್ಲಿ ದುಡಿದು ಬಂದ ಚಾರ್ಲ್ಸ್ ಕಾಕರೆಲ್‌ನದು. ತಾಮ್ರದ ಗುಮ್ಮಟ, ತೋಟದಲ್ಲಿ ಸೂರ್ಯನ ಗುಡಿ, ಸೇತುವೆಯ ಮೇಲೆ ಸಾಲಾಗಿ ಬಸವ. ಹತ್ತಿರದ ಡೇಲ್ಸ್‌ಫರ್ಡ್ ವಾರನ್ ಹೇಸ್ಟಿಂಗ್ಸ್‌ನ ಊರು. ಸ್ಟ್ರೌಡ್ ಕಣಿವೆಯ ಕೆಂಪು ಬಟ್ಟೆ ಸೈನಿಕರ ಕೋಟಿಗೆ ಹೋಗುತ್ತಿತ್ತು. ಕಂಪನಿಯೂ ಗ್ಲಾಸ್ಟರ್‌ಷೈರ್ ಬಟ್ಟೆಯ ದೊಡ್ಡ ಗಿರಾಕಿ.

ಬಿಸ್ಟರ್ ಬಸಣ್ಣ
ಅಂದರೆ ಶ್ರೀರಂಗಪಟ್ಟಣಕ್ಕೆ ಬಂದ ಕೆಂಪು ಕೋಟು ಇಲ್ಲಿಯದೇ!

ಹಳೇ ಮೇಷ್ಟ್ರು
ಒಂದೊಂದು ಕೋಟಿನ ಜಾತಕ ನನ್ನ ಹತ್ತಿರ ಇಲ್ಲ ಬಸಣ್ಣ. ಸ್ವಲ್ಪ ತಡೆದು ಓಡಿಸಿ.

ಸಾಗರದ ಸುಜಾತ
ಸ್ಟೋಕ್ ರೋ ಪಕ್ಕಾ. ಅಮ್ಮನಿಗೆ ಕಾಶಿ ಅಂದರೆ ಸಾಕು.

ಈಗ ಅಪ್ಪನದೇ ಚಿಂತೆ. ಅವರಿಗೆ ಕಟ್ಟಡ, ಹೂವು ಯಾವುದರಲ್ಲೂ ಆಸಕ್ತಿ ಇಲ್ಲ. ಸಾಗರದಲ್ಲಿ 35 ವರ್ಷ ಫೋಟೋ ಸ್ಟುಡಿಯೋ ನಡೆಸಿದವರು. ಈಗ ಎಲ್ಲರೂ ಫೋನ್ ಎತ್ತಿ ಫೋಟೋ ತೆಗೆಯುವುದು ನೋಡಿದರೆ ಮುಖ ತಿರುಗಿಸಿಬಿಡುತ್ತಾರೆ.

ಹಳೇ ಮೇಷ್ಟ್ರು
ಅಲ್ಲಮ್ಮಾ, ಇದನ್ನು ಮೊದಲೇ ಹೇಳಬಾರದಾ! ಐವತ್ತು ಉತ್ತರ ಸುಮ್ಮನೆ ದಂಡ ಮಾಡಿಸಿದೆಯಲ್ಲ.

ಲೇಕಾಕ್‌ಗೆ ಕರೆದುಕೊಂಡು ಹೋಗು. ವಿಲ್ಟ್‌ಷೈರ್‌ನಲ್ಲಿದೆ, ಎಂ4 ಹೆದ್ದಾರಿಯಲ್ಲಿ ಹೋಗಿ 17ನೇ ಜಂಕ್ಷನ್‌ನಲ್ಲಿ ಇಳಿಯಬೇಕು. ನೆಲ ಹೆಚ್ಚುಕಡಿಮೆ ಸಮ. ಕಲ್ಲಿನ ಮನೆ, ಮರದ ಚೌಕಟ್ಟಿನ ಮನೆ ಎಲ್ಲ ಒಂದೇ ಊರಲ್ಲಿ. ಟಿವಿ ಆಂಟೆನಾ, ಕರೆಂಟು ತಂತಿ ಏನೂ ಕಾಣುವುದಿಲ್ಲ. ಟಾಲ್ಬಟ್ ಮನೆತನದವರು ಇಡೀ ಊರನ್ನು 1944ರಲ್ಲಿ ನ್ಯಾಷನಲ್ ಟ್ರಸ್ಟ್‌ಗೆ ಕೊಟ್ಟುಬಿಟ್ಟರು. ಅಲ್ಲಿನ ಅಬ್ಬೆಯಲ್ಲಿ, ಅಂದರೆ ಮಠದಲ್ಲಿ, ಮೊದಲು ಸನ್ಯಾಸಿನಿಯರಿದ್ದರು, ಆಮೇಲೆ ಅದು ಆ ಮನೆತನದವರ ಬಂಗಲೆಯಾಯಿತು. 1835ರ ಆಗಸ್ಟ್‌ನಲ್ಲಿ ಹೆನ್ರಿ ಫಾಕ್ಸ್ ಟಾಲ್ಬಟ್ ಆ ಬಂಗಲೆಯ ಒಂದು ಕಿಟಕಿಯ ಚಿತ್ರ ಹಿಡಿದ. ಇವತ್ತಿಗೆ ಉಳಿದಿರುವ ಅತಿ ಹಳೆಯ ನೆಗೆಟಿವ್ ಅದೇ. ಅಂಚೆಚೀಟಿಯಷ್ಟು ದೊಡ್ಡದು. ಕಿಟಕಿಯ ಇನ್ನೂರರಷ್ಟು ಗಾಜಿನ ಚೌಕಗಳನ್ನು ಭೂತಗನ್ನಡಿಯಲ್ಲಿ ಎಣಿಸಬಹುದಿತ್ತು ಅಂತ ಅವನೇ ಬರೆದಿಟ್ಟಿದ್ದಾನೆ. ಅವನ ಪುಟ್ಟ ಪೆಟ್ಟಿಗೆ ಕ್ಯಾಮೆರಾಗಳನ್ನು ಹೆಂಡತಿ ಇಲಿಬೋನು ಅನ್ನುತ್ತಿದ್ದಳು.

ಕಿಟಕಿ ಇನ್ನೂ ಅಲ್ಲೇ ಇದೆ. ಮೂಲ ನೆಗೆಟಿವ್ ಮಾತ್ರ ಅಲ್ಲಿಲ್ಲ, ಮೊದಲೇ ಹೇಳಿಬಿಡು.

ನೇಕಾರರ ಮಗ
ಲೇಕಾಕ್‌ಗೆ ನನ್ನದೂ ಓಟು. ಶನಿವಾರ ಬೇಡ. ವಾರದ ನಡುವೆ, ಬೆಳಗ್ಗೆ ಬೇಗ.

ಕಾಫಿಪುಡಿ
ಊರು ಸುತ್ತಲು ಟಿಕೆಟ್ ಬೇಡ, ಅಬ್ಬೆ ಮತ್ತು ಮ್ಯೂಸಿಯಂ ಒಳಗೆ ಹೋಗಲು ಬೇಕು. ಊರಲ್ಲಿ ಕುಡುಕರನ್ನು ಕೂಡಿಹಾಕುತ್ತಿದ್ದ ಕಲ್ಲಿನ ಗೂಡು ಇದೆ, ಅದನ್ನೂ ನೋಡಿ. ಬಸಣ್ಣ ಹುಷಾರು.

ಬಿಸ್ಟರ್ ಬಸಣ್ಣ
ನಾನು ಚಹಾ ಮಾತ್ರ ಕುಡಿಯುವವನು ತಾಯಿ.

ಸಾಗರದ ಸುಜಾತ
ಎರಡು ವಾರದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಬುಧವಾರ ರಜೆ ಹಾಕಿ ಹೋಗಿ ಬಂದೆವು. ಬೆಳಗ್ಗೆ ಲೇಕಾಕ್, ಬರುವಾಗ ಸ್ಟೋಕ್ ರೋ.

ಅಮ್ಮ ಊರು ಪೂರ್ತಿ ಎರಡು ಸಲ ಸುತ್ತಿದರು. ಒಂದು ಮನೆ ಮುಂದೆ ಹೆಂಗಸು ಒಬ್ಬರು ಗಿಡಕ್ಕೆ ನೀರು ಹಾಕುತ್ತಿದ್ದರು. ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಅವರಿಗೆ ಕನ್ನಡ ಬರಲ್ಲ. ಆದರೂ ಗುಲಾಬಿಗೆ ಹುಳ ಬೀಳುವ ಬಗ್ಗೆ ಹತ್ತು ನಿಮಿಷ ಕೈಸನ್ನೆಯಲ್ಲೇ ಮಾತಾಡಿದರು. ಅವರೆಕಾಳು ಅವರೇ, ಅದು ಸೆಟ್ಟಲ್ಲ.

ಅಪ್ಪ ಆ ಕಿಟಕಿ ಇರುವ ಕೋಣೆಗೆ ಬಂದ ಮೇಲೆ ಬೆಂಚು ಕೇಳಲೇ ಇಲ್ಲ. ಬೆಳಕು ಯಾವ ಕಡೆಯಿಂದ ಬರುತ್ತದೆ, ಪೆಟ್ಟಿಗೆ ಎಲ್ಲಿ ಇಟ್ಟಿರಬೇಕು ಅಂತ ಅಳತೆ ಹಾಕಿದರು. ಮ್ಯೂಸಿಯಂನಲ್ಲಿ ಒಂದೊಂದೇ ಬೋರ್ಡನ್ನು ನನ್ನ ಕೈಯಲ್ಲಿ ಓದಿಸಿದರು. "ಮೊದಮೊದಲು ಇವನ ಹತ್ತಿರ ಚಿತ್ರ ಮಾಸದಂತೆ ನಿಲ್ಲಿಸುವ ಹೈಪೋ ಇರಲಿಲ್ಲ, ಉಪ್ಪಿನಲ್ಲೇ ಸಂಭಾಳಿಸಿದ್ದಾನೆ ನೋಡು" ಎಂದರು, ಪಕ್ಕದ ಬೀದಿಯ ಸ್ಟುಡಿಯೋದವನ ಬಗ್ಗೆ ಹೇಳುವ ಹಾಗೆ. ಹೊರಗೆ ಬಂದು ನನ್ನ ಫೋನ್ ಇಸಕೊಂಡರು. ಅಮ್ಮನನ್ನು ಒಂದು ಬಾಗಿಲ ಮುಂದೆ ನಿಲ್ಲಿಸಿ, ಗದ್ದ ಕೆಳಗೆ, ಭುಜ ಸ್ವಲ್ಪ ಈ ಕಡೆ, ಕಣ್ಣು ಮಿಟುಕಿಸಬೇಡ ಅಂತ ಐದು ನಿಮಿಷ ಗೋಳು ಹೊಯ್ದುಕೊಂಡರು. ತೆಗೆದದ್ದು ಒಂದೇ ಫೋಟೋ. "ಒಂದು ಸಾಕು" ಅಂದರು.

ಬಾವಿಯ ಹತ್ತಿರ ಅಮ್ಮ ಬಗ್ಗಿ ನೋಡಿ, 368 ಅಡಿ ಅಂದರೆ ಹಗ್ಗ ಎಷ್ಟು ಸಲ ಬದಲಿಸುತ್ತಿದ್ದರೋ ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ.

ರಾಮನಗರದ ರೇಷ್ಮೆ
ಆ ಒಂದು ಫೋಟೋ ಹಾಕಿ ಅಕ್ಕ!

ಸಾಗರದ ಸುಜಾತ
ಕೇಳಿದೆ. "ಪ್ರಿಂಟ್ ಹಾಕಿಸದೆ ಯಾರಿಗೂ ತೋರಿಸಬಾರದು" ಅಂತ ಅಪ್ಪನ ಆಜ್ಞೆ. ಸಾಗರಕ್ಕೆ ಹೋಗಿ ಪ್ರಿಂಟ್ ಹಾಕಿಸಿ, ಕ್ಯಾಲೆಂಡರ್ ಚಿತ್ರ ಇದ್ದ ಜಾಗಕ್ಕೆ ಅಂಟಿಸುತ್ತಾರಂತೆ.

ಅವರೆಕಾಳು
ಎಲ್ಲ ಸರಿ. ಮೊಸರನ್ನ ಒಯ್ದಿರಾ ಇಲ್ವಾ?

ಸಾಗರದ ಸುಜಾತ
ಒಯ್ದಿದ್ದೆವು. ಮಾವಿನ ಮಿಡಿ ಉಪ್ಪಿನಕಾಯಿ ಮನೆಯಲ್ಲೇ ಮರೆತಿದ್ದೆ. ಅಮ್ಮ ಅದನ್ನು ಇನ್ನೂ ಬಿಟ್ಟಿಲ್ಲ.